ಕೋಟಿ ಎಷ್ಟೆಂಬುದಕ್ಕಿಂತ, ತಪ್ಪಿದರೆ ಉಳಿಯುವುದೆಷ್ಟು?

ಮಾನ್ಯ ಸಂಪಾದಕರೇ,

ಟಿ.ವಿ. ರಸಪ್ರಶ್ನೆಯ ಹೊಸ ಸೀಸನ್ ಬಂತೆಂದರೆ ಪತ್ರಿಕೆಗಳ ಶೀರ್ಷಿಕೆಯಲ್ಲಿ ಇರುವುದು ಒಂದೇ: ಈ ಸಲ ಎಷ್ಟು ಕೋಟಿ? ‘ಕೌನ್ ಬನೇಗಾ ಕರೋಡ್‌ಪತಿ’ 2000ದಲ್ಲಿ 1 ಕೋಟಿಯಿಂದ ಹೊರಟು 2005ರಲ್ಲಿ 2, ಮುಂದೆ 5, 2013ರಲ್ಲಿ 7, 2022ರಲ್ಲಿ ಏಳೂವರೆ ಕೋಟಿ ಮುಟ್ಟಿತು. ಹಾಟ್ ಸೀಟ್‌ನಲ್ಲಿ ಕೂತವರು ಮಾತ್ರ ಈ ಅಂಕಿಗಿಂತ ಹೆಚ್ಚಾಗಿ ನೋಡುವುದು, ಉತ್ತರ ತಪ್ಪಿದರೆ ಎಲ್ಲಿಗೆ ಬೀಳುತ್ತೇವೆ ಎಂಬುದನ್ನು.

2021ರ 7 ಕೋಟಿಯ ಬಹುಮಾನದ ಏಣಿಯನ್ನೇ ತೆಗೆದುಕೊಳ್ಳಿ. ಸುರಕ್ಷಿತ ಹಂತಗಳು, ಅಂದರೆ ಒಮ್ಮೆ ಮುಟ್ಟಿದ ಮೇಲೆ ಉತ್ತರ ತಪ್ಪಿದರೂ ಕೈಬಿಡದ ಮೊತ್ತಗಳು, ಎರಡಿದ್ದವು: 10 ಸಾವಿರ ಮತ್ತು 3.20 ಲಕ್ಷ. 3.20 ಲಕ್ಷ ಗೆದ್ದವರಿಗೆ 6.40 ಲಕ್ಷದ ಪ್ರಶ್ನೆಯಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಗೊತ್ತಿಲ್ಲದಿದ್ದರೂ ಒಂದು ಉತ್ತರ ಹೇಳುವುದೇ ಜಾಣತನ. ಅಲ್ಲಿಂದ ಮುಂದೆ ಏಣಿ ಕಡಿದಾಗುತ್ತದೆ: ಆಟ ಬಿಟ್ಟರೆ ಅಲ್ಲಿಯವರೆಗೆ ಗೆದ್ದಷ್ಟೂ ಕೈಗೆ, ತಪ್ಪಿದರೆ 3.20 ಲಕ್ಷ ಮಾತ್ರ. 12.50 ಲಕ್ಷದ ಪ್ರಶ್ನೆಗೆ, ಉತ್ತರ ಸರಿಯಿರುವ ಸಾಧ್ಯತೆ ಶೇ 34 ದಾಟಿದರೆ, ಸರಾಸರಿ ಲೆಕ್ಕದಲ್ಲಿ, ಬಿಡುವುದಕ್ಕಿಂತ ಆಡುವುದು ಲಾಭ. 25 ಲಕ್ಷಕ್ಕೆ ಶೇ 43, 50 ಲಕ್ಷಕ್ಕೆ ಶೇ 47, 1 ಕೋಟಿಗೆ ಶೇ 48. ಅಂದರೆ ಎರಡು ಆಯ್ಕೆಗಳ ನಡುವೆ ತೂಗಾಡುವವರಿಗೂ ಕೋಟಿಯ ಪ್ರಶ್ನೆ ಲಾಭ ನಷ್ಟಗಳ ಗಡಿಯಲ್ಲೇ ಇರುತ್ತದೆ. ‘ಧೈರ್ಯ ಸಾಲದೆ ಆಟ ಬಿಟ್ಟರು’ ಎಂದು ಮನೆಯಲ್ಲಿ ಕೂತು ಆಡಿಕೊಳ್ಳುವವರು ಇದನ್ನು ಗಮನಿಸಬೇಕು.

7 ಕೋಟಿಯ ಪ್ರಶ್ನೆ ಬಂದಾಗ ಲೆಕ್ಕ ತಲೆಕೆಳಗು. ಶೇ 14ರಷ್ಟು ಸಾಧ್ಯತೆಯೇ ಸಾಕು. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೂ ಸರಾಸರಿ 1.77 ಕೋಟಿ. ಆದರೂ ಖಚಿತವಿಲ್ಲದವರು ಆಡುವುದಿಲ್ಲ, ಆಡಬಾರದು ಕೂಡ. ಕೈಗೆ ಬಂದ ಕೋಟಿಯಲ್ಲಿ 96.80 ಲಕ್ಷ ಹೋದರೆ ಸರಾಸರಿ ಹೊಟ್ಟೆ ತುಂಬಿಸದು. ಪ್ರಶ್ನೆ ಓದಿಸಿ, ಸ್ಪರ್ಧಿ ಬೆವರುವುದನ್ನು ತೋರಿಸಿ, ಬಹುಮಾನದ ಹಣ ಮಾತ್ರ ವಾಹಿನಿಯಲ್ಲೇ ಉಳಿಯುವ ಏರ್ಪಾಡು ಇದು.

2022ರಲ್ಲಿ 75 ಲಕ್ಷಕ್ಕೊಂದು ಸುರಕ್ಷಿತ ಹಂತ ಸೇರಿಸಿದ್ದು ಇದಕ್ಕೇ ಮದ್ದು. ಆಗ ಏಳೂವರೆ ಕೋಟಿಯ ಪ್ರಶ್ನೆಯಲ್ಲಿ ತಪ್ಪಿದರೆ ಹೋಗುತ್ತಿದ್ದುದು 25 ಲಕ್ಷ ಮಾತ್ರ. ಶೇ 4ರಷ್ಟು ಸಾಧ್ಯತೆಗೂ ಆಡಬಹುದಿತ್ತು. ಆ ಸೀಸನ್‌ನಲ್ಲಿ ಸ್ಪರ್ಧಿಯೊಬ್ಬರು ಉತ್ತರಿಸಿಯೇ ಬಿಟ್ಟರು, ತಪ್ಪಾಗಿ 75 ಲಕ್ಷದೊಂದಿಗೆ ಮರಳಿದರು. ಗರಿಷ್ಠ ಬಹುಮಾನಕ್ಕೆ ಸೇರಿಸಿದ 50 ಲಕ್ಷಕ್ಕಿಂತ ಆಟವನ್ನು ಹೆಚ್ಚು ಬದಲಿಸಿದ್ದು ಈ ಒಂದು ಮೆಟ್ಟಿಲು. ಅದರ ಬಗ್ಗೆ ಬಂದ ಸುದ್ದಿ ಎಷ್ಟು?

ತೆರಿಗೆಯದೂ ಇದೇ ಕತೆ. ಇಂಥ ಗೆಲುವಿಗೆ ಶೇ 30ರ ಏಕದರ. ಸಂಬಳಕ್ಕಿರುವಂತೆ ವಿನಾಯಿತಿ ಮಿತಿಯಾಗಲಿ, ಖರ್ಚಿನ ಕಡಿತವಾಗಲಿ ಅನ್ವಯಿಸುವುದಿಲ್ಲ. 1 ಕೋಟಿಯಲ್ಲಿ 30 ಲಕ್ಷ ಮೂಲದಲ್ಲೇ ಹೋಗುತ್ತದೆ, ತೆರಿಗೆಯ ಮೇಲಿನ ತೆರಿಗೆಗಳಾದ ಸರ್ಚಾರ್ಜ್ ಮತ್ತು ಸೆಸ್ ಬೇರೆ. ‘ಕೋಟಿ ಗೆದ್ದ ಬಡ ಯುವಕ’ ಎಂದು ಬರೆಯುವಾಗ ಕೈಗೆ ಬರುವ ಮೊತ್ತವನ್ನೂ ಬರೆದರೆ, ಸಾಲ ಕೇಳಿಕೊಂಡು ಅವರ ಮನೆಗೆ ಬರುವ ನೆಂಟರ ಸಂಖ್ಯೆಯಾದರೂ ಕಡಿಮೆಯಾದೀತು.

ಮುಂದಿನ ಸೀಸನ್ ಘೋಷಣೆಯಾದಾಗ ತಮ್ಮ ಪತ್ರಿಕೆ ಗರಿಷ್ಠ ಬಹುಮಾನದ ಪಕ್ಕದಲ್ಲೇ ಸುರಕ್ಷಿತ ಹಂತಗಳನ್ನೂ ತೆರಿಗೆಯ ನಂತರದ ಮೊತ್ತವನ್ನೂ ಅಚ್ಚು ಹಾಕಬೇಕೆಂದು ವಿನಂತಿ.

– ಗಣಿತ ಅಧ್ಯಾಪಕ, ಧಾರವಾಡ