ಅಪಾಯಕ್ಕೂ ಒಂದು ಖಾತೆ ಇರಲಿ

ಮಾನ್ಯ ಸಂಪಾದಕರೆ,

ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಚಳ್ಳಕೆರೆಯ ಎಣ್ಣೆ ಮಿಲ್ಲಿನವರೆಗೆ ಯಾರನ್ನೇ ‘ನಿಮ್ಮ ದಂಧೆಗೆ ಅಪಾಯ ಏನು’ ಎಂದು ಕೇಳಿ, ಥಟ್ಟನೆ ಬರುವ ಉತ್ತರ ಎರಡೇ: ಬೆಂಕಿ, ಕಳವು. ಉದ್ರಿಗೆ, ದಾಸ್ತಾನಿಗೆ ಖಾತೆ ಇಡುವವರು ಅಪಾಯಕ್ಕೂ ಒಂದು ಪುಟ ಬಿಡಬೇಕು. ಸರಕು, ಹಣ, ಜನ, ಕಾನೂನು ಎಂದು ನಾಲ್ಕು ಕಲಮು ಸಾಕು. ಪ್ರತಿ ಅಪಾಯದ ಮುಂದೆ ಎರಡು ಅಂಕ: ಎಷ್ಟು ಸಲ ಬಂದೀತು, ಬಂದರೆ ಏಟು ಎಷ್ಟು, ಎರಡಕ್ಕೂ 1ರಿಂದ 5. ಆಮೇಲೆ ಗುಣಿಸಿ. ಆದರೆ ಆ ಗುಣಲಬ್ಧವನ್ನೇ ಕಣ್ಣುಮುಚ್ಚಿ ನಂಬಬೇಡಿ. ದಿನವೂ ಗಲ್ಲಾದ ಚಿಲ್ಲರೆ ತಪ್ಪುವುದು 5×1, ಗೋದಾಮಿಗೆ ಬೆಂಕಿ ಬೀಳುವುದು 1×5. ಮೊದಲನೆಯದು ಎಚ್ಚರ ವಹಿಸಿದರೆ ನಿಲ್ಲುತ್ತದೆ, ಎರಡನೆಯದಕ್ಕೆ ವಿಮೆಯೇ ಬೇಕು.

ಎಡವುವುದೂ ಅಲ್ಲೇ. ಬ್ಯಾಂಕು ಸಾಲದ ಮೊತ್ತಕ್ಕೆ ಮಾಡಿಸಿದ ಪಾಲಿಸಿ ಸಾಕೆಂದು ಸುಮ್ಮನಾಗುತ್ತಾರೆ. ಸುಗ್ಗಿಯಲ್ಲಿ 20 ಲಕ್ಷದ ಮೆಕ್ಕೆಜೋಳ ಒಟ್ಟಿದ್ದು, ಪಾಲಿಸಿ 10 ಲಕ್ಷಕ್ಕಿದ್ದರೆ, 4 ಲಕ್ಷದ ಮಾಲು ಸುಟ್ಟಾಗ ಕೈಗೆ ಬರುವುದು ಸುಮಾರು 2 ಲಕ್ಷ. ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದವರು ಪ್ರತಿ ನಷ್ಟದ ಉಳಿದರ್ಧ ತಾವೇ ಹೊರಬೇಕು. 2021ರ ಏಪ್ರಿಲ್‌ನಿಂದ ಇರುವ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಸಣ್ಣ ಉದ್ಯಮಗಳ ಬೆಂಕಿ ಪಾಲಿಸಿಯಲ್ಲಿ ವಿಮಾ ಮೊತ್ತದ ಶೇ 15ರವರೆಗಿನ ಕೊರತೆಗೆ ಮಾತ್ರ ಮಾಫಿ. ಇನ್ನು ತೇವ ಶೇ 14 ದಾಟಿದ ಮೆಕ್ಕೆಜೋಳ ಬೂಷ್ಟು ಹಿಡಿದರೆ ಬೆಂಕಿ ಪಾಲಿಸಿ ತೋರಿಸಿ ಪ್ರಯೋಜನವಿಲ್ಲ. ಅಲ್ಲಿ ತೇವಮಾಪಕವೇ ವಿಮೆ.

ಹಣದ ಕಲಮಿನಲ್ಲಿ ಒಟ್ಟು ಬಾಕಿಗಿಂತ ಅದು ಯಾರ ಬಳಿ ಇದೆ ಎಂಬುದು ಮುಖ್ಯ. ಅರ್ಧ ಬಾಕಿ ಒಬ್ಬನೇ ಗಿರಾಕಿಯ ಬಳಿ ಇದ್ದರೆ, ಅವನು ಎಷ್ಟೇ ನಂಬಿಗಸ್ಥನಿರಲಿ, ಏಟಿಗೆ 5 ಹಾಕಿ. (ನೆಂಟನಾದರಂತೂ ಕೇಳುವುದೇ ಕಷ್ಟ.) ತಯಾರಿಕೆ ಅಥವಾ ಸೇವೆಯ ಸಣ್ಣ ಘಟಕಕ್ಕೆ ಸರ್ಕಾರದ ‘ಉದ್ಯಮ್’ ನೋಂದಣಿ ಇದ್ದರೆ, 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯಂತೆ ಖರೀದಿದಾರ 15 ದಿನದಲ್ಲಿ, ಲಿಖಿತ ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ನೋಂದಣಿ ಉಚಿತ, ಏಜೆಂಟರಿಗೆ ದುಡ್ಡು ಸುರಿಯಬೇಕಿಲ್ಲ. ಬರೀ ಕೊಂಡು ಮಾರುವ ವರ್ತಕರಿಗೆ ಈ ರಕ್ಷಣೆ ಸಿಗದು. ಅವರ ಉದ್ರಿಗೆ ಅವರೇ ಮಿತಿ ಹಾಕಿಕೊಳ್ಳಬೇಕು.

ಜನ ಎಂದರೆ, ಭಟ್ಟಿಯ ಹದ ಬಲ್ಲ ಒಬ್ಬನೇ ಕೆಲಸಗಾರ ಊರಿಗೆ ಹೋದರೆ ಗತಿ ಏನು ಎಂಬ ಪ್ರಶ್ನೆ. ಕಾನೂನಿಗೆ 2025ರ ಜುಲೈ ನೆನೆದರೆ ಸಾಕು. ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದವು. ಜಿಎಸ್‌ಟಿ ನೋಂದಣಿ ಬೇಕಾಗುವ ವಾರ್ಷಿಕ ವಹಿವಾಟಿನ ಮಿತಿ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ. ಕೈಸಾಲ, ಮನೆಯ ಹಣ ಅಂಗಡಿಯ ಕ್ಯೂಆರ್ ಕೋಡ್‌ಗೇ ಬಂದರೆ ಅದೂ ವಹಿವಾಟಿನಂತೆಯೇ ಕಾಣುತ್ತದೆ.

ಸುಗ್ಗಿಗೆ ಮುನ್ನ ಬ್ಯಾಂಕು ಮತ್ತು ವಿಮಾ ಕಂಪನಿಯವರು ಎಪಿಎಂಸಿ ಆವರಣದಲ್ಲಿ ಒಂದು ದಿನ ಕೂತು, ವರ್ತಕರ ಪಾಲಿಸಿ ಮೊತ್ತವನ್ನು ದಾಸ್ತಾನಿನೊಂದಿಗೆ ತಾಳೆ ನೋಡಿಕೊಟ್ಟರೆ ಉಪಕಾರವಾಗುತ್ತದೆ.

– ಒಬ್ಬ ಲೆಕ್ಕಪತ್ರ ಸಲಹೆಗಾರ, ದಾವಣಗೆರೆ