ಅರ್ಕಾವತಿಗೆ ನೀರು ಬರುವುದು ದಿಣ್ಣೆಗಳಿಂದ: ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಮುಖ್ಯಮಂತ್ರಿಗಳೇ,

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರಗಳನ್ನು ಹಾದು, ಸುಮಾರು 190 ಕಿಲೋಮೀಟರ್ ಹರಿದು ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿಯ ವಿಷಯವಾಗಿ ತಮಗೆ ಈ ಪತ್ರ ಬರೆಯುತ್ತಿದ್ದೇನೆ. ಈ ನದಿಗೆ ಸರ್ಕಾರಗಳು ಏನನ್ನೂ ಮಾಡಲಿಲ್ಲವೆಂದು ದೂರುವುದು ನನ್ನ ಉದ್ದೇಶವಲ್ಲ. ಪಾತ್ರದ ಹೂಳು ತೆಗೆಸಿದ್ದಾರೆ, ಜಾಲಿ ಕಡಿಸಿದ್ದಾರೆ, ಅಲ್ಲಲ್ಲಿ ಚೆಕ್‌ಡ್ಯಾಂ ಕಟ್ಟಿಸಿದ್ದಾರೆ. ಅಷ್ಟಾದರೂ ಹೆಸರಘಟ್ಟದಿಂದ ಮೇಲೆ, ಜೋರು ಮಳೆಯ ಕೆಲವು ದಿನಗಳನ್ನು ಬಿಟ್ಟರೆ, ಹೊಳೆಯಲ್ಲಿ ನೀರು ಹರಿಯುವುದನ್ನು ಕಾಣುವುದು ಅಪರೂಪ. ನನ್ನ ಅರಿಕೆ ಇಷ್ಟೇ: ಹೊಳೆಯ ಪಾತ್ರದಲ್ಲಿ ನಡೆಯುತ್ತಿರುವ ಕೆಲಸವನ್ನು ಅದರ ಜಲಾನಯನಕ್ಕೆ, ಅಂದರೆ ಮಳೆ ಬೀಳುವ ದಿಣ್ಣೆ, ಕಾವಲು, ಗೋಮಾಳ ಮತ್ತು ಸಣ್ಣ ಹಳ್ಳಗಳಿಗೆ ಕೊಂಡೊಯ್ಯಬೇಕು.

ಬೆಂಗಳೂರು ಈ ನದಿಗೆ ಋಣಿಯಾಗಿರುವ ನಗರ. 1894ರಲ್ಲಿ ಹೆಸರಘಟ್ಟದ ಕೆರೆಯನ್ನು ದೊಡ್ಡದು ಮಾಡಿ ಅಲ್ಲಿಂದ ನಗರಕ್ಕೆ ಕೊಳವೆಯಲ್ಲಿ ನೀರು ತಂದರು. ಅದು ಸಾಲದೆ ಬಂದಾಗ, ಅರ್ಕಾವತಿಗೆ ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಬಂದಿತು. 1974ರಲ್ಲಿ ಕಾವೇರಿಯ ನೀರು ಬರುವವರೆಗೂ ನಗರದ ಬಾಯಾರಿಕೆಯನ್ನು ಮುಖ್ಯವಾಗಿ ನೀಗಿಸಿದ್ದು ಈ ಎರಡು ಜಲಾಶಯಗಳೇ. ಇಂದು ಎತ್ತಿನಹೊಳೆಯ ನೀರಿನಲ್ಲಿ ಒಂದು ಪಾಲನ್ನು ತಿಪ್ಪಗೊಂಡನಹಳ್ಳಿಗೆ ತುಂಬಿಸುವ ಯೋಚನೆ ಸರ್ಕಾರದ ಮುಂದಿದೆ. ಪಶ್ಚಿಮಘಟ್ಟದ ಹೊಳೆಯೊಂದರ ನೀರನ್ನು ಇಲ್ಲಿಗೆ ಎತ್ತಿ ತರುವ ಮೊದಲು, 1,400 ಚದರ ಕಿಲೋಮೀಟರಿಗೂ ಮಿಕ್ಕಿದ ಈ ಜಲಾಶಯದ ಸ್ವಂತ ಜಲಾನಯನದಲ್ಲಿ ಬೀಳುವ ಮಳೆ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಕೊಳ್ಳುವುದು ನ್ಯಾಯವಲ್ಲವೇ?

ಈ ಪ್ರಶ್ನೆಯನ್ನು ಸಂಶೋಧಕರು ಆಗಲೇ ಕೇಳಿದ್ದಾರೆ. ಪರಿಸರ ಸಂಶೋಧನೆ ನಡೆಸುವ ಬೆಂಗಳೂರಿನ ಅಟ್ರೀ ಸಂಸ್ಥೆಯ ತಂಡವೊಂದು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಅರ್ಕಾವತಿ ಬತ್ತಿದ್ದಕ್ಕೆ ಮಳೆಯ ಕೊರತೆ ಮುಖ್ಯ ಕಾರಣವಲ್ಲವೆಂದು ತೋರಿಸಿತು. ಅತಿಯಾಗಿ ಎತ್ತಿದ ಅಂತರ್ಜಲ, ಹೊಲಗಳಿಗೆ ಹಬ್ಬಿದ ನೀಲಗಿರಿ ತೋಪುಗಳು ಮತ್ತು ಹಳ್ಳಗಳ ಉದ್ದಕ್ಕೂ ಹರಿವನ್ನು ತುಂಡರಿಸಿದ ಕಟ್ಟೆಗಳು, ಇವು ಅದು ಗುರುತಿಸಿದ ಕಾರಣಗಳು. ಆಕಾಶ ಕೈಬಿಟ್ಟಿದ್ದರೆ ನಾವು ಮಾಡಬಹುದಾದದ್ದು ಹೆಚ್ಚೇನೂ ಇರಲಿಲ್ಲ. ನೆಲದ ಮೇಲೆ ನಾವೇ ಮಾಡಿದ್ದನ್ನಾದರೆ ನಾವೇ ಸರಿಪಡಿಸಬಹುದು, ಆದ್ದರಿಂದ ಈ ಅಧ್ಯಯನದಲ್ಲಿ ನನಗೆ ಕಾಣುವುದು ಭರವಸೆಯೇ.

ನೀಲಗಿರಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಭಾರತದಲ್ಲಿ ಈ ಮರವನ್ನು ಮೊದಲು ನೆಟ್ಟದ್ದು ಸುಮಾರು 1790ರಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ಇದೇ ನಂದಿಬೆಟ್ಟದಲ್ಲಿ ಎನ್ನುತ್ತಾರೆ. ನದಿಯೂ ಅದನ್ನು ಬತ್ತಿಸಿದ ಮರವೂ ಒಂದೇ ಬೆಟ್ಟದಿಂದ ಇಳಿದು ಬಂದಂತಾಯಿತು. ಆದರೆ ಆ ಮರ ರೈತರ ಹೊಲಗಳಿಗೆ ಹಬ್ಬಿದ್ದು ಬಹಳ ಈಚೆಗೆ, ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಸಿ ಹಂಚಿದ 1980ರ ದಶಕದಿಂದ. ಕಳೆದ ಮಳೆಗಾಲದಲ್ಲಿ, ಇಡೀ ರಾತ್ರಿ ಸುರಿದು ಬೆಳಗಿನ ಜಾವ ಮಳೆ ಬಿಟ್ಟಾಗ, ದೊಡ್ಡಬಳ್ಳಾಪುರ ಕಡೆಯ ಒಂದು ಹಳ್ಳದ ಗುಂಟ ನಡೆದಿದ್ದೆ. ಜೊತೆಗಿದ್ದ ರೈತರೊಬ್ಬರು ತಮ್ಮ ನೀಲಗಿರಿ ತೋಪಿನೊಳಗೆ ಗುದ್ದಲಿಯಿಂದ ಅಗೆದು ತೋರಿಸಿದರು. ಮೇಲೆ ಒಂದು ಪದರ ತರಗೆಲೆ, ಅದರಡಿ ಗೇಣಿಗಿಂತ ಕಡಿಮೆ ಹಸಿ ಮಣ್ಣು, ಅದರ ಕೆಳಗೆ ಕೈಯಲ್ಲಿ ಹಿಡಿದರೆ ಪುಡಿಯಾಗಿ ಉದುರುವ ಒಣ ಮಣ್ಣು. ಒಂದು ಹುಲ್ಲುಕಡ್ಡಿಯಾಗಲಿ, ಎರೆಹುಳುವಾಗಲಿ ಕಾಣಲಿಲ್ಲ. ಬದು ದಾಟಿ ದನ ಮೇಯುವ ಗೋಮಾಳದಲ್ಲಿ ಅಗೆದರೆ, ಗುದ್ದಲಿಯ ಬಾಯಿ ಪೂರ್ತಿ ಇಳಿದ ಮೇಲೂ ಮಣ್ಣು ತಣ್ಣಗೆ ಅಂಟುತ್ತಿತ್ತು, ಹುಲ್ಲಿನ ಬೇರುಗಳ ನಡುವೆ ನೀರು ಜಿನುಗುತ್ತಿತ್ತು. ಎರಡು ಗುಂಡಿಗಳ ನಡುವಿನ ದೂರ ನಲವತ್ತು ಹೆಜ್ಜೆ ಇದ್ದೀತು.

ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಆ ಆದೇಶ ಸ್ವಾಗತಾರ್ಹವೇ, ಆದರೆ ಹಳೆಯ ಬೊಡ್ಡೆಗಳಿಗೆ ಅದು ಗೊತ್ತಿಲ್ಲ. ಕಡಿದಷ್ಟೂ ಅವು ಚಿಗುರುತ್ತವೆ, ಕೆಲವು ವರ್ಷಕ್ಕೊಮ್ಮೆ ಕಟಾವಾಗುತ್ತವೆ, ಮತ್ತೆ ಚಿಗುರುತ್ತವೆ. ಬೊಡ್ಡೆಯನ್ನು ಬೇರು ಸಮೇತ ಕೀಳಿಸಲು ಜೆಸಿಬಿ ಬೇಕು, ಅದರ ಬಾಡಿಗೆ ಸಣ್ಣ ಹಿಡುವಳಿಯ ರೈತನಿಗೆ ಹೊರೆ. ಕೂಲಿಯಾಳು ಸಿಗದೆ, ರಾಗಿಗೆ ಬೆಲೆ ಸಿಗದೆ ನೀಲಗಿರಿ ಹಾಕಿದ ಮನೆಗಳನ್ನು ಅಪರಾಧಿಗಳಂತೆ ಕಾಣುವುದು ಸರಿಯಲ್ಲ. ಬೇರು ಕೀಳಿಸುವ ಖರ್ಚನ್ನೂ, ಆ ನೆಲದಲ್ಲಿ ರಾಗಿ, ಹುರುಳಿ, ಅವರೆ ಅಥವಾ ಹೊಂಗೆ, ಹುಣಸೆ, ನೇರಳೆಗಳು ಕೈಗೆ ಹತ್ತುವವರೆಗಿನ ವರ್ಷಗಳ ಆದಾಯದ ಕೊರತೆಯನ್ನೂ ಸರ್ಕಾರ ಭರಿಸಬೇಕು. ಇಲ್ಲೊಂದು ಎಚ್ಚರಿಕೆಯನ್ನೂ ಹೇಳಲೇಬೇಕಾಗಿದೆ. ನೀಲಗಿರಿ ತೆಗೆದ ಹೊಲದಲ್ಲಿ ಹೊಸ ಕೊಳವೆಬಾವಿ ಕೊರೆದು ನೀರುಂಡು ಬೆಳೆಯುವ ಬೆಳೆ ಇಟ್ಟರೆ, ಮರ ಕುಡಿಯುತ್ತಿದ್ದ ನೀರನ್ನು ಪಂಪು ಕುಡಿಯುತ್ತದೆ, ಹಳ್ಳಕ್ಕೆ ಹನಿಯೂ ಉಳಿಯುವುದಿಲ್ಲ. ಆದ್ದರಿಂದ ನೆರವು ಮಳೆಯಾಶ್ರಿತ ಬೆಳೆಗೆ ಮಾತ್ರ ಎಂಬ ಕರಾರು ಇರಬೇಕು. ಅಂತರ್ಜಲದ ನಿಯಂತ್ರಣಕ್ಕೆ 2011ರ ಕಾಯ್ದೆ ನಮ್ಮಲ್ಲಿದೆ, ಅದನ್ನು ಈ ಜಲಾನಯನದಲ್ಲಿ ಮೊದಲು ಕಟ್ಟುನಿಟ್ಟಾಗಿ ಜಾರಿಗೆ ತರಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಂದೆ ತೆರೆದ ಬಾವಿಗಳಲ್ಲಿ ನೀರು ಕೈಗೆಟಕುವಂತಿದ್ದಾಗ, ಮಳೆ ನಿಂತು ತಿಂಗಳುಗಳಾದ ಮೇಲೂ ನೆಲದೊಳಗಿನ ನೀರು ಒರತೆಗಳಾಗಿ ಹಳ್ಳಕ್ಕೆ ಒಸರುತ್ತಿತ್ತು, ಹೊಳೆಯನ್ನು ಬೇಸಿಗೆಯವರೆಗೆ ನಡೆಸುತ್ತಿದ್ದದ್ದು ಆ ಒಸರು. ಈಗ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ನೆಲ ಹಳ್ಳಕ್ಕೆ ಕೊಡುತ್ತಿದ್ದದ್ದು ಹೋಗಿ, ಹಳ್ಳಕ್ಕೆ ಬಂದ ನೀರನ್ನೇ ಒಣಗಿದ ನೆಲ ಹೀರಿಕೊಳ್ಳುತ್ತಿದೆ. ಇಂಥಲ್ಲಿ ಮತ್ತೊಂದು ಚೆಕ್‌ಡ್ಯಾಂ ಕಟ್ಟಿದರೆ ಮೇಲಿನ ಊರಿಗೆ ಒಂದಿಷ್ಟು ಸಿಕ್ಕೀತು, ಕೆಳಗಿನ ಕೆರೆಗೆ ಬರಬೇಕಾದದ್ದು ಅಷ್ಟೇ ಕಡಿಮೆಯಾದೀತು. ಹಳ್ಳಕ್ಕೆ ಅಡ್ಡಲಾಗಿ ಕಾಂಕ್ರೀಟು ಸುರಿಯುವ ಹೊಸ ಕಾಮಗಾರಿಗಳನ್ನು ನಿಲ್ಲಿಸಿ, ಹಳೆಯ ಕೆರೆಗಳ ತೂಬು, ಕೋಡಿ, ಕಾಲುವೆಗಳನ್ನು ಸರಿಪಡಿಸಲು ಆ ಹಣ ಕೊಡಿ ಎಂದು ಕೋರುತ್ತೇನೆ.

ಜಲಾನಯನವೆಂದರೆ ಬರಿ ನೀರಿನ ಲೆಕ್ಕವಲ್ಲ, ಅದರಲ್ಲಿ ಬದುಕುವ ಜೀವಿಗಳ ನೆಲೆಯೂ ಹೌದು. ಹೆಸರಘಟ್ಟದ ಹುಲ್ಲುಗಾವಲಿನ ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. 2021ರಲ್ಲಿ ತಿರಸ್ಕೃತವಾಗಿದ್ದ ಪ್ರಸ್ತಾವವೊಂದು ಮತ್ತೆ ಬಂದು ಅಂಗೀಕಾರವಾಯಿತೆಂದರೆ ಅದಕ್ಕಾಗಿ ದುಡಿದವರೆಲ್ಲರಿಗೂ ಕೃತಜ್ಞತೆ ಸಲ್ಲಬೇಕು. ಆದರೆ ಹುಲ್ಲುಗಾವಲೆಂದರೆ ಖಾಲಿ ಜಾಗ ಎಂಬ ಭಾವನೆ ಕಚೇರಿಗಳಲ್ಲಿ ಇನ್ನೂ ಹೋಗಿಲ್ಲ. ಪರಿಸರ ದಿನ ಬಂತೆಂದರೆ ಕಾವಲಿನಲ್ಲಿ ಗುಂಡಿ ತೋಡಿ ಸಸಿ ನೆಡುತ್ತಾರೆ. ಚಳಿಗಾಲಕ್ಕೆ ದೂರದಿಂದ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆಹಕ್ಕಿಗಳಿಗೆ, ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭಗಳಿಗೆ, ಗೌಜಲು, ಲಾವಕ್ಕಿಗಳಿಗೆ, ನರಿಗಳಿಗೆ ಬೇಕಾದದ್ದು ಮರವಿಲ್ಲದ ಬಯಲೇ. ಮಳೆಯನ್ನು ಹಿಡಿದು ನಿಧಾನವಾಗಿ ನೆಲಕ್ಕಿಳಿಸುವುದೂ ಅದೇ ಹುಲ್ಲು. ಇಡೀ ಜಲಾನಯನದಲ್ಲಿ ಉಳಿದಿರುವ ಕಾವಲು, ಗೋಮಾಳಗಳನ್ನು ಗುರುತಿಸಿ, ಅಲ್ಲಿ ಗಿಡ ನೆಡಬಾರದು, ಬೇರೆ ಕೆಲಸಕ್ಕೆ ಮಂಜೂರು ಮಾಡಬಾರದು ಎಂದು ಆದೇಶವಾಗಬೇಕು. ಮರಗಳಿಗೆ ಅವುಗಳದೇ ಜಾಗವಿದೆ: ಹಳ್ಳದ ಎರಡೂ ದಡದಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಬಿದಿರು, ಲಕ್ಕಿ ಬೆಳೆಯಲಿ.

ಆ ದಡಗಳು ಪ್ರಾಣಿಗಳ ಹಾದಿಗಳೂ ಹೌದು. ನಂದಿಯಿಂದ ಸಾವನದುರ್ಗದವರೆಗೆ, ರಣಹದ್ದುಗಳಿಗಾಗಿ 2012ರಲ್ಲಿ ಅಭಯಾರಣ್ಯವಾದ ರಾಮದೇವರಬೆಟ್ಟದಿಂದ ಕಾವೇರಿ ವನ್ಯಜೀವಿಧಾಮದವರೆಗೆ, ಬಂಡೆಗಾಡುಗಳು ದ್ವೀಪಗಳಂತೆ ಚದುರಿವೆ. ಅವುಗಳ ನಡುವೆ ಚಿರತೆಯಂಥ ಪ್ರಾಣಿ ರಾತ್ರಿ ಹೊತ್ತು ಯಾರ ಕಣ್ಣಿಗೂ ಬೀಳದೆ ಓಡಾಡಬೇಕಾದರೆ ಪೊದೆ ತುಂಬಿದ ಹಳ್ಳ ಬೇಕು. ಹಳ್ಳವನ್ನು ಮುಚ್ಚಿ ಲೇಔಟ್ ಮಾಡಿದಲ್ಲಿ ಅದು ಊರೊಳಗೆ ಬರುತ್ತದೆ, ಆಮೇಲೆ ಬೋನಿಗೆ ಬೀಳುತ್ತದೆ. ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ವಲಯಗಳಾಗಿ ವಿಂಗಡಿಸಿ ಕಟ್ಟಡ, ಕೈಗಾರಿಕೆಗಳಿಗೆ ಮಿತಿ ಹಾಕಿದ 2003ರ ಅಧಿಸೂಚನೆಯನ್ನು 2019ರಲ್ಲಿ ಸಡಿಲಿಸಲಾಯಿತು. ಆ ಸಡಿಲಿಕೆಯನ್ನು ಹಿಂತೆಗೆದುಕೊಂಡು, ನಕ್ಷೆಯಲ್ಲಿ ಹೆಸರೂ ಇಲ್ಲದ ಹಳ್ಳಗಳಿಗೂ ಅಂಚು ಕಾಯ್ದಿರಿಸಬೇಕೆಂದು ಪ್ರಾರ್ಥಿಸುತ್ತೇನೆ.

ಕೆಳಗಿನ ಅರ್ಕಾವತಿಯ ಸಂಕಟ ಬೇರೆ ಬಗೆಯದು. ಅಲ್ಲಿ ನೀರಿದೆ, ಆದರೆ ಅದರಲ್ಲಿ ಬಹುಪಾಲು ವೃಷಭಾವತಿ ಹೊತ್ತು ತರುವ ನಗರದ ಕೊಳಚೆ. ಅದು ಹೋಗಿ ಸೇರುವ ಕಾವೇರಿಯ ಮಡುಗಳಲ್ಲಿ ನೀರುನಾಯಿಗಳಿವೆ, ಅಳಿವಿನ ಅಂಚಿನಲ್ಲಿರುವ ಡುಬ್ಬದ ಮಹಶೀರ್ ಮೀನುಗಳಿವೆ. ಶುದ್ಧೀಕರಿಸದ ಒಂದು ಹನಿಯೂ ನದಿಗಿಳಿಯದಂತೆ ನೋಡಿಕೊಳ್ಳುವುದು ನಗರದ ಹೊಣೆ, ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ತಮಗೇ ಬರೆಯಲು ಕಾರಣ, ಈ ನದಿಗೆ ಒಡೆಯರು ಹಲವರು. ಕೆರೆ ಒಂದು ಇಲಾಖೆಯದು, ಗೋಮಾಳ ಇನ್ನೊಂದರದು, ಕಾಡು ಮತ್ತೊಂದರದು, ಕೊಳಚೆ ಮಗದೊಂದರದು. ಹಳ್ಳದ ಒತ್ತುವರಿ ಬಗ್ಗೆ ಅರ್ಜಿ ಹಿಡಿದು ಮೂರು ಕಚೇರಿ ಸುತ್ತಿದ ನನಗೆ ಮೂರರಲ್ಲೂ ಸಿಕ್ಕ ಉತ್ತರ, ಇದು ನಮಗೆ ಬರುವುದಿಲ್ಲ ಎಂಬುದೇ. ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಬಲ್ಲವರು ತಾವು ಮಾತ್ರ. ಮೊದಲ ಹೆಜ್ಜೆಯಾಗಿ ಹೆಸರಘಟ್ಟದಿಂದ ಮೇಲಿನ ಒಂದೇ ಒಂದು ಉಪಹಳ್ಳವನ್ನು ಆರಿಸಿಕೊಳ್ಳಿ. ಅದರ ದಿಣ್ಣೆಗಳಲ್ಲಿರುವ ನೀಲಗಿರಿ ಬೊಡ್ಡೆಗಳ, ಕೊಳವೆಬಾವಿಗಳ, ಕಟ್ಟೆಗಳ ಲೆಕ್ಕವನ್ನು ಗ್ರಾಮ ಪಂಚಾಯಿತಿಗಳ ಮೂಲಕ ಮುಂದಿನ ಮುಂಗಾರಿಗೆ ಮೊದಲು ಮಾಡಿಸಿ, ಹಳ್ಳದಲ್ಲಿ ಒಂದು ನೀರಳತೆಯ ಪಟ್ಟಿ ನೆಡಿಸಿ, ಮಳೆ ಬಂದಾಗಲೆಲ್ಲ ಅದರ ಮೇಲಿನ ಅಂಕಿಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸಬೇಕೆಂದು ಕೋರುತ್ತೇನೆ. ಆ ಹಳ್ಳ ಯಾವುದಾಗಬಹುದೆಂದು ತೋರಿಸಲು, ಗುದ್ದಲಿಯ ಸಮೇತ, ನಾವು ಕೆಲವರು ಯಾವ ದಿನ ಬೇಕಾದರೂ ಬರಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಅರ್ಕಾವತಿ ಜಲಾನಯನದ ಒಬ್ಬ ನಿವಾಸಿ