ರೂತಳ ಕಥೆ ಹೇಳಿಸಿದವರಿಗೆ

ಬೈಬಲ್ಲಿನ ರೂತಳ ಕಥೆಯ ಮೇಲೆ ನಾನು ಬರೆದ ಪುಸ್ತಕ ಕೊನೆಗೂ ಅಚ್ಚಾಗಿ ಬಂತು. ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರ ಕೈಗೂ ಸೇರಿತು. ಪುಟ್ಟ ಪುಸ್ತಕ. ಬೈಬಲ್ಲಿನಲ್ಲೇ ಅದು ಬರೀ ನಾಲ್ಕು ಅಧ್ಯಾಯ. ಅವತ್ತು ಮೈಕ್ ಮುಂದೆ ಗಂಟಲು ಕಟ್ಟಿ ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಎಲ್ಲರಿಗಿಂತ ಮೊದಲು ಕೊಡಗಿನ ಸಿದ್ದಾಪುರದ ಕಡೆಯ ಲೈನ್‌ಮನೆಗಳ, ಅಂದರೆ ಕಾಫಿ ತೋಟದ ಆಳುಗಳ ಸಾಲುಮನೆಗಳ, ಹೆಂಗಸರಿಗೆ. ತೋಟದ ಕೆಲಸ ಮುಗಿಸಿ, ಒಲೆ ಹಚ್ಚಿಟ್ಟು, ಮಕ್ಕಳನ್ನು ಎಳೆದುಕೊಂಡು ಪ್ರಾರ್ಥನಾ ಕೂಟಕ್ಕೆ ಬರುತ್ತಿದ್ದವರು ಇವರು. ನಮಗೆಲ್ಲ ಇದು ಅತ್ತೆ ಸೊಸೆಯ ಕಥೆ: ಗಂಡ ಸತ್ತ ಮೇಲೂ ಅತ್ತೆ ನವೋಮಿಯನ್ನು ಬಿಡದೆ, ಮೋವಾಬ್ ದೇಶದಿಂದ ಅವಳ ಊರು ಬೇತ್ಲೆಹೇಮಿಗೆ ಬಂದು, ಬೇರೆಯವರ ಹೊಲದಲ್ಲಿ ಬಿದ್ದ ತೆನೆ ಹೆಕ್ಕಿ ಅವಳನ್ನು ಸಾಕಿದ ಸೊಸೆ ರೂತಳು. ಸೊಸೆ ಅಂದ್ರೆ ರೂತಳ ಹಾಗಿರಬೇಕು ಅಂತ ಮದುವೆ ಮನೆಯಲ್ಲಿ ಕೇಳದವರು ಯಾರಿದ್ದಾರೆ? ಈ ಹೆಂಗಸರು ಕೇಳಿದ್ದೇ ಬೇರೆ. ರೂತಳಿಗೆ ದಿನಕ್ಕೆ ಎಷ್ಟು ಸಿಕ್ತು? ಮೇಸ್ತ್ರಿ ಏನಂದ? ಬೇರೆ ಊರಿನವಳು ಅಂತ ಗಂಡಸರು ಕಾಟ ಕೊಡಲಿಲ್ವಾ?

ಎರಡನೇ ಅಧ್ಯಾಯದಲ್ಲಿ ಮೂರಕ್ಕೂ ಉತ್ತರ ಇದೆ! ಮೇಸ್ತ್ರಿ ಅವಳ ಹೆಸರು ಹೇಳುವುದೇ ಇಲ್ಲ, ಮೋವಾಬಿನ ಹೆಣ್ಣು ಅನ್ನುತ್ತಾನೆ. ಅವಳನ್ನು ಯಾರೂ ಮುಟ್ಟಬಾರದು ಅಂತ ಹೊಲದ ಒಡೆಯ ಬೋವಜ ಆಳುಗಳಿಗೆ ಅಪ್ಪಣೆ ಕೊಡುತ್ತಾನೆ. ಅಪ್ಪಣೆ ಕೊಡಬೇಕಾಯಿತು ಅಂದರೆ ಭಯ ಇತ್ತು ಅಂತಲೇ ಅರ್ಥ. ಸಂಜೆ ತೆನೆ ಬಡಿದಾಗ ಸಿಕ್ಕಿದ್ದು ಒಂದು ಏಫಾದಷ್ಟು ಜವೆಗೋಧಿ. ಏಫಾ ಅಂದರೆ ಸುಮಾರು 20 ಲೀಟರ್ ಹಿಡಿಯುವ ಅಳತೆ. 'ಒಬ್ಬಳೇ ಹೊತ್ತುಕೊಂಡು ಹೋದಳಾ?' ಅಂತ ಒಬ್ಬಾಕೆ ಕೇಳಿದಾಗ ಎಲ್ಲರೂ ನಕ್ಕರು. ಹೊರೆಯ ಲೆಕ್ಕ ಗೊತ್ತಿರುವವರ ನಗು ಅದು.

ಹೊಲದ ಅಂಚನ್ನು ಕೊಯ್ಯಬೇಡ, ಬಿದ್ದ ತೆನೆ ಹೆಕ್ಕಬೇಡ, ಅದು ಬಡವರಿಗೂ ಪರದೇಶದವರಿಗೂ ಇರಲಿ ಅನ್ನುತ್ತದೆ ಬೈಬಲ್ಲಿನ ಯಾಜಕಕಾಂಡದ 19ನೇ ಅಧ್ಯಾಯ. ರೂತಳು ಭಿಕ್ಷೆ ಬೇಡಲಿಲ್ಲ, ಕಾನೂನು ಅವಳಿಗೆ ಕೊಟ್ಟ ಪಾಲನ್ನು ಹೆಕ್ಕಿದಳು. ಇಡೀ ಪುಸ್ತಕದಲ್ಲಿ ನಾನು ಹೇಳಹೊರಟಿದ್ದು ಇದನ್ನೇ. ಇದನ್ನು ಕೂಟದಲ್ಲಿ ಜೋರಾಗಿ ವಿವರಿಸುತ್ತಿದ್ದಾಗ ಹಿಂದಿನಿಂದ ಒಂದು ಮಾತು ಬಂತು: 'ಅಕ್ಕಾ, ತೋಟದಲ್ಲಿ ಬಿದ್ದ ಹಣ್ಣು ಬಿಟ್ರೆ ಬೋರರ್ ಬರುತ್ತೆ.' ನಿಜ ತಾನೇ! ಕಾಫಿಯಲ್ಲಿ ಬಿದ್ದ ಹಣ್ಣನ್ನೂ ಆರಿಸಲೇಬೇಕು, ಇಲ್ಲದಿದ್ದರೆ ಮುಂದಿನ ಫಸಲಿಗೆ ಹುಳ. ಹಾಗಾದರೆ ಕೊಡಗಿನಲ್ಲಿ ಹೊಲದ ಅಂಚು ಯಾವುದು? ಅವತ್ತು ಪ್ರಾರ್ಥನೆ ತಡವಾಯಿತು. ಕುಯ್ಲು ಮುಗಿದ ಮೇಲೂ ಲೈನ್‌ಮನೆ ಖಾಲಿ ಮಾಡಿಸದಿರುವುದು, ಅಂದಳು ಒಬ್ಬಳು. ಹುಷಾರಿಲ್ಲದ ದಿನದ ಕೂಲಿ, ಅಂದಳು ಇನ್ನೊಬ್ಬಳು. ಪುಸ್ತಕದ ಮೂರನೇ ಭಾಗ ಪೂರ್ತಿ ಅವರ ಮಾತು.

ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರು ಜಾಸ್ತಿ ಆದರು ಅಂತ ಗೊಣಗಿದ ನಮ್ಮ ಹಿರಿಯರೊಬ್ಬರಿಗೂ ಥ್ಯಾಂಕ್ಸ್. ವ್ಯಂಗ್ಯ ಅಲ್ಲ. ಅವರಿಗೆ ಉತ್ತರ ಹುಡುಕುತ್ತಾ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಹುಟ್ಟನ್ನು ಮತ್ತೆ ಓದಿದೆ. 1792ರ ಚರ್ಚ್ ಅದು. ಟಿಪ್ಪುವಿನ ಕಾಲದಲ್ಲಿ ಓಡಿಬಂದ ನಮ್ಮ ಕ್ರೈಸ್ತ ಜನಕ್ಕೆ ಆಶ್ರಯ ಕೊಟ್ಟವನು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ. ನಾವೂ ಇಲ್ಲಿಗೆ ಬರಿಗೈಲಿ ಬಂದವರೇ ಅಲ್ವಾ? ಮೋವಾಬಿನವರು ಹತ್ತನೇ ತಲೆಮಾರಿನವರೆಗೂ ದೇವರ ಸಭೆಗೆ ಸೇರಬಾರದು ಅಂತ ಧರ್ಮೋಪದೇಶಕಾಂಡದಲ್ಲಿದೆ. ಆದರೆ ದಾವೀದ ರಾಜನ ಮುತ್ತಜ್ಜಿ ರೂತಳೇ ಮೋವಾಬಿನವಳು, ಮತ್ತಾಯ ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರನ್ನು ಬಿಡದೆ ಬರೆದ. ಹಿರಿಯರು ಪುಸ್ತಕ ತೆಗೆದುಕೊಂಡಿದ್ದಾರೆ. ಇನ್ನೂ ಏನೂ ಹೇಳಿಲ್ಲ.

ಮೂರನೇ ಅಧ್ಯಾಯ ದಾಟಿಸಿದ್ದು ಪಕ್ಕದ ಮನೆಯ ಕೊಡವ ಅಜ್ಜ. ರಾತ್ರಿ ಕಣದಲ್ಲಿ ಬೋವಜ ಯಾಕೆ ಮಲಗಿದ, ಮನೆ ಇರಲಿಲ್ಲವಾ ಅಂತ ಮಕ್ಕಳು ಕೇಳುತ್ತಿದ್ದರು. ಭತ್ತ ಬಡಿದ ಮೇಲೆ ರಾಶಿ ಕಾಯಲು ತಾವೂ ಕಣದಲ್ಲೇ ಮಲಗುತ್ತಿದ್ದ ದಿನಗಳನ್ನು ಅಜ್ಜ ಹೇಳಿದರು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ದಿನ ಕದಿರು (ಹೊಸ ಭತ್ತದ ತೆನೆ) ತೆಗೆಯುವುದನ್ನು ತೋರಿಸಲು ಮಕ್ಕಳನ್ನೆಲ್ಲ ಗದ್ದೆಗೂ ಕರೆದುಕೊಂಡು ಹೋದರು. ರೂತಳು ರಾತ್ರಿ ಅಲ್ಲಿಗೆ ಯಾಕೆ ಹೋದಳು ಅನ್ನುವ ಪ್ರಶ್ನೆಯನ್ನು ಮಾತ್ರ ಅಜ್ಜ ಜಾಣತನದಿಂದ ನನಗೇ ಬಿಟ್ಟರು.

ನವೋಮಿಯ ಸಿಟ್ಟನ್ನು ಕಡಿಮೆ ಮಾಡಬೇಡ ಅಂದವರು ನಮ್ಮ ಫಾದರ್. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡವಳು ದೇವರು ನನಗೆ ಕಹಿ ಕೊಟ್ಟ ಅನ್ನುತ್ತಾಳೆ. ಯಾರೂ ಅವಳ ಬಾಯಿ ಮುಚ್ಚಿಸುವುದಿಲ್ಲ, ದೇವರೂ ಗದರಿಸುವುದಿಲ್ಲ. ಆ ಪುಟ ಓದಿ, ಕಳೆದ ವರ್ಷ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಫೋನ್ ಮಾಡಿದ್ದರು. ಅವರಿಗೂ ನಾನು ಋಣಿ.

ಕರಡು ತಿದ್ದಿದ ಸಿಸ್ಟರ್, ಸಾಲ ಹೇಳಿ ಅಚ್ಚು ಹಾಕಿಕೊಟ್ಟ ಮಡಿಕೇರಿಯ ಪ್ರೆಸ್ಸಿನವರು, ಮಳೆಯಲ್ಲಿ ಕಟ್ಟುಗಳನ್ನು ಜೀಪಿನಲ್ಲಿ ತಂದ ಹುಡುಗರು, ಎಲ್ಲರಿಗೂ ವಂದನೆ. ಪ್ರೆಸ್ಸಿನ ಬಾಕಿ ಮುಂದಿನ ತಿಂಗಳು ಖಂಡಿತ.

ಮಳೆ ನಿಂತ ಮೇಲೆ ಕೂಟದಲ್ಲಿ ಯೋನನ ಕಥೆ ಶುರು. ಮೀನಿನ ಹೊಟ್ಟೆಯಲ್ಲಿ ಉಸಿರಾಡಿದ್ದು ಹೇಗೆ ಅಂತ ಮಕ್ಕಳು ಈಗಲೇ ಕೇಳುತ್ತಿದ್ದಾರೆ. ಫಾದರ್, ಆ ಪ್ರಶ್ನೆ ನಿಮಗೆ.